ಐವತ್ತರಲ್ಲಿ ಮೂವತ್ತೆಂಟು ಹೋದರೆ

ವಿಜಯಪುರದ ನನ್ನ ಮನಶ್ಶಾಸ್ತ್ರ ಚಿಕಿತ್ಸಾಲಯಕ್ಕೆ ಇಂಡಿ ಕಡೆಯ ತಾಯಿಯೊಬ್ಬರು ನಾಲ್ಕನೆಯ ತರಗತಿಯ ಮಗನನ್ನು ಕರೆತಂದಿದ್ದರು. ಮನೆಯವರು ಸಂತೆಯಲ್ಲಿ ನಿಂಬೆಹಣ್ಣು ಮಾರುತ್ತಾರೆ. ಅಲ್ಲಿ ಚಿಲ್ಲರೆ ಎಣಿಸಿ ಕೊಡುವುದರಲ್ಲಿ ಹುಡುಗ ತಪ್ಪುವುದಿಲ್ಲ. ಶಾಲೆಯಲ್ಲಿ ಕಳೆಯುವ ಲೆಕ್ಕ ಮಾತ್ರ ಬರುವುದಿಲ್ಲ. “ಮಿದುಳಿನಲ್ಲೇ ಏನೋ ದೋಷವಿರಬೇಕು ಸರ್, ಸ್ಕ್ಯಾನಿಗೆ ಬರೆದುಕೊಡಿ” ಎಂದರು.

ನೋಟ್‌ಬುಕ್ ತೆರೆದು ನೋಡಿದೆ. 50ರಲ್ಲಿ 38 ಹೋದರೆ 28. 52ರಲ್ಲಿ 38 ಹೋದರೆ 26. 71ರಲ್ಲಿ 46 ಹೋದರೆ 35. ಆದರೆ 58ರಲ್ಲಿ 32 ಕಳೆದದ್ದು ಸರಿಯಾಗಿತ್ತು. ಇವು ಮನಬಂದಂತೆ ಗೀಚಿದ ಉತ್ತರಗಳಲ್ಲ. ಅಂಕಿ ಮೇಲಿರಲಿ, ಕೆಳಗಿರಲಿ, ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು ಅವನ ನಿಯಮ. ನಿಯಮ ತಪ್ಪು, ಆದರೆ ಅದನ್ನು ಒಮ್ಮೆಯೂ ಮುರಿದಿಲ್ಲ. ಸಂತೆಯಲ್ಲಿ ದಾರಿಯೇ ಬೇರೆ: ಮೂವತ್ತೆಂಟಕ್ಕೆ ಎರಡು ಕೂಡಿಸಿದರೆ ನಲವತ್ತು, ಇನ್ನೊಂದು ಹತ್ತು ಇಟ್ಟರೆ ಐವತ್ತು, ಗಿರಾಕಿಯ ಕೈಗೆ ಹನ್ನೆರಡು.

ದೃಷ್ಟಿಯ ಕುರಿತು ಸಂಶೋಧಿಸಿದ ಬ್ರಿಟನ್ನಿನ ಡೇವಿಡ್ ಮಾರ್ 1980ರಲ್ಲಿ, 35ನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಎರಡು ವರ್ಷಗಳ ಬಳಿಕ ಹೊರಬಂದ ಅವರ ಪುಸ್ತಕದ ಒಂದು ವಿಚಾರವನ್ನು ನಾನು ದಿನವೂ ಬಳಸುತ್ತೇನೆ. ಮನಸ್ಸು ಏನನ್ನು, ಯಾತಕ್ಕಾಗಿ ಲೆಕ್ಕ ಹಾಕುತ್ತಿದೆ ಎಂಬುದು ಒಂದು ಹಂತದ ವಿವರಣೆ. ಯಾವ ಸಂಕೇತಗಳಿಂದ, ಯಾವ ಕ್ರಮದಲ್ಲಿ ಎಂಬುದು ಇನ್ನೊಂದು. ಅದು ನಡೆಯುವುದು ನರಕೋಶಗಳಲ್ಲೋ, ಬೆರಳುಗಳಲ್ಲೋ, ಯಂತ್ರದಲ್ಲೋ ಎಂಬುದು ಮೂರನೆಯದು. ಗರಿಗಳನ್ನಷ್ಟೇ ನೋಡಿ ಹಕ್ಕಿಯ ಹಾರಾಟವನ್ನು ತಿಳಿಯಲಾಗದು ಎಂದು ಮಾರ್ ಹೇಳಿದ್ದರು.

ಸ್ಕ್ಯಾನ್ ತೋರಿಸುವುದು ಮೂರನೆಯ ಹಂತವನ್ನು, ಅದೂ ಸ್ಥೂಲವಾಗಿ. ಈ ಹುಡುಗನ ನಿಯಮ ಅದರಲ್ಲಿ ಕಾಣಿಸದು. ಮೂರ್ಛೆ ಬರುತ್ತಿದ್ದರೆ, ಕಲಿತ ಲೆಕ್ಕ ಮರೆತುಹೋಗಿದ್ದರೆ ನರರೋಗ ತಜ್ಞರ ಬಳಿಗೆ ನಾನೇ ಕಳುಹಿಸುತ್ತಿದ್ದೆ. ಮೊದಲ ಹಂತದಿಂದಲೇ ಆರಂಭಿಸಬೇಕೆಂಬುದು ಮಾರ್ ಅವರ ಒಲವು. ನಾನು ನಡುವಿನಿಂದ ಹೊರಡುತ್ತೇನೆ, ಏಕೆಂದರೆ ಮಗುವಿನ ತಪ್ಪು ಉತ್ತರ ಬಾಯಿಬಿಡುವುದು ಅಲ್ಲಿ.

ಮೇಜಿನ ಮೇಲೆ ಹತ್ತರ ಐದು ನೋಟುಗಳನ್ನಿಟ್ಟು, “ತಮ್ಮಾ, ಇದರಲ್ಲಿ ಮೂವತ್ತೆಂಟು ನನಗೆ ಕೊಡು” ಎಂದೆ. ಮೂರು ನೋಟು ಕೊಟ್ಟ. ನಾಲ್ಕನೆಯದನ್ನು ಹಿಡಿದು, ಒಂದು ರೂಪಾಯಿಯ ಹತ್ತು ನಾಣ್ಯಗಳನ್ನು ಕೇಳಿದ. ಎಂಟು ಎಣಿಸಿಕೊಟ್ಟು, ಉಳಿದದ್ದನ್ನು ನೋಡಿ, ನೋಟ್‌ಬುಕ್ಕನ್ನು ತನ್ನತ್ತ ಎಳೆದುಕೊಂಡ.

“ಸರ್, ಇದೂ ಚಿಲ್ಲರೆ ಲೆಕ್ಕವೇ?”

ನಾನು ನಡುವಿನ ಹಂತದಲ್ಲಿ ಹುಡುಕುತ್ತಿದ್ದ ಗಂಟು ಮೊದಲ ಹಂತದಲ್ಲಿಯೂ ಇತ್ತು.