ಅಜ್ಜಿಯ ಮಾತು ನಿಂತಾಗ ಮಳೆ ಜೋರಾಗುವುದೇಕೆ?

ಕಳೆದ ವರ್ಷ ಕಕ್ಕಡ ಮಾಸದ ಜಡಿಮಳೆಯಲ್ಲಿ ದಕ್ಷಿಣ ಕೊಡಗಿನ ಐವರು ಪದವಿ ವಿದ್ಯಾರ್ಥಿಗಳು ತಮ್ಮ ಹನ್ನೆರಡು ನಿಮಿಷಗಳ ಕಿರುಚಿತ್ರವನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಮಡಿಕೇರಿಗೆ, ನಾನು ಧ್ವನಿ ಸಂಕಲನ ಮಾಡುವ ಸಣ್ಣ ಕೋಣೆಗೆ ಬಂದರು. ಐನ್‌ಮನೆಯ, ಅಂದರೆ ಕೊಡವ ಮನೆತನದ ಹಿರಿಮನೆಯ ಜಗಲಿಯಲ್ಲಿ, ಕಂಬಗಳ ನಡುವಿನ ಐಮರದ ಹಲಗೆಯ ಮೇಲೆ ಕುಳಿತ ಅಜ್ಜಿ ಬೆಂಗಳೂರಿನಿಂದ ಬಂದ ಮೊಮ್ಮಗನೊಡನೆ ತೋಟ ಮಾರುವ ವಿಚಾರ ಮಾತನಾಡುತ್ತಾಳೆ; ಚಿತ್ರವೆಂದರೆ ಅಷ್ಟೇ. ಮಾತು ಕೊಡವ ತಕ್ಕಿನಲ್ಲಿದೆ, ಚಿತ್ರೀಕರಣ ಪೂರ್ತಿಯಾಗಿ ಫೋನಿನಲ್ಲಿ ನಡೆದಿದೆ. "ಸರ್, ಅಜ್ಜಿ ಮಾತು ನಿಲ್ಲಿಸಿದಾಗಲೆಲ್ಲ ಮಳೆ ಜೋರಾಗುತ್ತದೆ. ಶೂಟಿಂಗ್ ದಿನ ಹೀಗೆ ಆಗಿರಲಿಲ್ಲ" ಎಂದು ಅವರಲ್ಲೊಬ್ಬಳು ಅನುಮಾನದಿಂದ ಹೇಳಿದಳು. ಅವಳ ಕಿವಿ ಸರಿಯಾಗಿಯೇ ಇತ್ತು.

ಅಂದು ಜೋರಾದದ್ದು ಮಳೆಯಲ್ಲ, ಫೋನಿನ ಕಿವಿ. ಫೋನಿನ ಸಾಮಾನ್ಯ ಕ್ಯಾಮೆರಾ ಆ್ಯಪ್ ಧ್ವನಿಯ ಮಟ್ಟವನ್ನು ತಾನೇ ಏರಿಳಿಸುತ್ತಿರುತ್ತದೆ. ಎದುರಿಗಿರುವವರು ಜೋರಾಗಿ ಮಾತನಾಡಿದರೆ ತಗ್ಗಿಸುತ್ತದೆ. ಮಾತು ನಿಂತೊಡನೆ, ಏನೋ ಕೇಳಿಸದೆ ಹೋಗುತ್ತಿದೆ ಎಂದು ಭಾವಿಸಿ ಏರಿಸುತ್ತದೆ. ಮದುವೆ ಮನೆಯ ವಿಡಿಯೋಗೆ ಇದು ಉಪಕಾರವೇ. ಆದರೆ ಮಾತಿಗಿಂತ ಮೌನ ಮುಖ್ಯವಾದ ದೃಶ್ಯದಲ್ಲಿ, ಅಜ್ಜಿ ಉತ್ತರ ಕೊಡದೆ ಅಂಗಳ ನೋಡುವ ಆ ನಾಲ್ಕು ಸೆಕೆಂಡುಗಳಲ್ಲಿ, ಹಂಚಿನ ಮೇಲಿನ ಮಳೆಯೂ ತೋಟದ ಜೀರುಂಡೆಯೂ ಉಬ್ಬಿಕೊಂಡು ಮುಂದೆ ಬರುತ್ತವೆ. ಹೊಸದಾಗಿ ಚಿತ್ರ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ನಿಮ್ಮ ಪರವಾಗಿ ಯಂತ್ರ ಯಾವ ಯಾವ ತೀರ್ಮಾನ ಮಾಡುತ್ತಿದೆ ಎಂದು ಪತ್ತೆಹಚ್ಚಿ, ಒಂದೊಂದಾಗಿ ಅದರ ಕೈಯಿಂದ ಬಿಡಿಸಿಕೊಳ್ಳಬೇಕು. ಮಟ್ಟವನ್ನು ಕೈಯಿಂದಲೇ ನಿಗದಿ ಮಾಡಲು ಬಿಡುವ ಆ್ಯಪ್‌ಗಳು ಉಚಿತವಾಗಿಯೇ ಸಿಗುತ್ತವೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅಂಥದ್ದೊಂದು. ಮಾತಿನ ಅತಿ ಎತ್ತರದ ಭಾಗ ಮೀಟರಿನಲ್ಲಿ (ಅದರ 0 ಎಂದರೆ ಧ್ವನಿ ಒಡೆಯುವ ಅಂಚು) -12 ಡೆಸಿಬಲ್ ಆಸುಪಾಸು ನಿಲ್ಲುವಂತೆ ನೋಡಿಕೊಂಡರೆ, ಅಜ್ಜಿ ಇದ್ದಕ್ಕಿದ್ದಂತೆ ಗದರಿದರೂ ಧ್ವನಿ ಒಡೆಯುವುದಿಲ್ಲ.

ಇದಕ್ಕಿಂತ ದೊಡ್ಡ ಗುಟ್ಟು ದೂರದಲ್ಲಿದೆ. ಮೈಕು ಮತ್ತು ಬಾಯಿಯ ನಡುವಿನ ಅಂತರ ಅರ್ಧವಾದಾಗಲೆಲ್ಲ ಮಾತಿನ ಮಟ್ಟ ಸುಮಾರು 6 ಡೆಸಿಬಲ್ ಏರುತ್ತದೆ. ಫೋನು ಆರು ಅಡಿ ದೂರದಲ್ಲಿತ್ತು. ಮೈಕನ್ನು ಒಂದೂವರೆ ಅಡಿಗೆ ತಂದರೆ ಮಾತು 12 ಡೆಸಿಬಲ್ ಮೇಲೆ ಬರುತ್ತದೆ, ಸುತ್ತಲಿನ ಮಳೆ ಮಾತ್ರ ಇದ್ದಲ್ಲೇ ಇರುತ್ತದೆ. ಇಷ್ಟು ಲಾಭವನ್ನು ಯಾವ ತಂತ್ರಾಂಶವೂ ಆಮೇಲೆ ಕೊಡಲಾರದು. ವಿದ್ಯಾರ್ಥಿಗಳು ಗದ್ದಲ ತೆಗೆಯುವ ತಂತ್ರಾಂಶವನ್ನು ಅದಾಗಲೇ ಬಳಸಿ ನೋಡಿದ್ದರು, ಅಜ್ಜಿಗೆ ಹಲ್ಲು ಬಿದ್ದಂತೆ ಕೇಳುತ್ತಿತ್ತು. ಮಳೆಯ ಸದ್ದು ಕೆಳಗಿನಿಂದ ಮೇಲಿನವರೆಗೆ ಎಲ್ಲ ಆವರ್ತನಗಳಲ್ಲೂ ಹರಡಿರುತ್ತದೆ; ಸ, ಶ, ಚ ಅಕ್ಷರಗಳ ಉಸಿರು ನೆಲೆಸಿರುವ ಮೇಲಿನ ಭಾಗದಲ್ಲಿ ಮಳೆಯನ್ನು ಕೆತ್ತಲು ಹೋದರೆ ಈ ಅಕ್ಷರಗಳೂ ಜೊತೆಗೇ ಉದುರುತ್ತವೆ. ದೂರದ ಜನರೇಟರಿನ ಗುಂಯ್‌ಗುಡುವಿಕೆಯ ಕತೆ ಬೇರೆ, 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಅದರ ಬಹುಪಾಲು ಹೋಗುತ್ತದೆ.

ಹೀಗಾಗಿ ಕಾಲರ್ ಮೈಕು. ಕೊಡವ ಉಡುಗೆಯಲ್ಲಿ ನೆರಿಗೆ ಹಿಂದಿರುತ್ತದೆ, ಸೆರಗು ಮುಂದೆ ಬಂದು ಬಲ ಭುಜದ ಮೇಲೆ ಪಿನ್ನಿನಲ್ಲಿ ನಿಲ್ಲುತ್ತದೆ. ಆ ಪಿನ್ನಿನ ಪಕ್ಕ ಮೈಕು ಸಿಕ್ಕಿಸುವುದು ಸುಲಭ, ಆದರೆ ಅಜ್ಜಿ ತಲೆಗೆ ಕಟ್ಟಿದ ವಸ್ತ್ರದ ಅಂಚು ಪ್ರತಿ ಸಲ ತಿರುಗುವಾಗಲೂ ಅದಕ್ಕೆ ಉಜ್ಜುತ್ತದೆ. ಒಂದು ಅಂಗೈ ಅಗಲ ಕೆಳಗಿಳಿಸಿ, ತಂತಿಯನ್ನು ಒಂದು ಸುತ್ತು ಸುತ್ತಿ, ಔಷಧಿ ಅಂಗಡಿಯಲ್ಲಿ ಸಿಗುವ ಬಟ್ಟೆಯ ಟೇಪಿನಿಂದ ರವಿಕೆಯ ಒಳಬದಿಗೆ ಅಂಟಿಸಿದರೆ ಆ ಸರಸರ ಸದ್ದು ನಿಲ್ಲುತ್ತದೆ.

ಧ್ವನಿಯನ್ನು ಬೇರೆ ಯಂತ್ರದಲ್ಲಿ ಹಿಡಿದಾಗ ಹೊಸ ತೊಡಕು ಹುಟ್ಟುತ್ತದೆ. ಮೊದಲ ನಿಮಿಷದಲ್ಲಿ ತುಟಿಗೂ ಮಾತಿಗೂ ಹೊಂದಿಕೆ ಇರುತ್ತದೆ, ಎಂಟನೇ ನಿಮಿಷಕ್ಕೆ ತಪ್ಪಿರುತ್ತದೆ. ಇದಕ್ಕೆ ಸಾಮಾನ್ಯ ಕಾರಣ ಇದು: ಅನೇಕ ಫೋನುಗಳು ಬೆಳಕು ಕಡಿಮೆಯಾದಾಗ ಸೆಕೆಂಡಿಗೆ 30 ಇದ್ದ ಫ್ರೇಮುಗಳನ್ನು ಸದ್ದಿಲ್ಲದೆ 24ಕ್ಕೆ ಇಳಿಸಿಬಿಡುತ್ತವೆ, ಮತ್ತು ಮಳೆಗಾಲದ ಜಗಲಿಯಲ್ಲಿ ಬೆಳಕು ಕಡಿಮೆಯೇ. ನಾನು 25 ಫ್ರೇಮು, 1/50 ಸೆಕೆಂಡಿನ ಶಟರ್ ಎಂದು ಎರಡನ್ನೂ ಬಿಗಿ ಮಾಡಿಸುತ್ತೇನೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದಾದ್ದರಿಂದ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಈ ಶಟರಿನಲ್ಲಿ ಆ ಮಿನುಗಿನಿಂದ ಚಿತ್ರದಲ್ಲಿ ಮೂಡುವ ಪಟ್ಟೆಗಳು ಕಾಣಿಸುವುದಿಲ್ಲ. ಆಗಲೇ ಚಿತ್ರೀಕರಿಸಿಬಿಟ್ಟಿದ್ದರೆ, ಸಂಕಲನಕ್ಕೆ ಮೊದಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ಫ್ರೇಮು ದರಕ್ಕೆ ಬದಲಿಸಿಕೊಳ್ಳಬಹುದು.

ಚಿತ್ರವನ್ನೂ ಬೇರೆಯಾಗಿ ಹಿಡಿದ ಧ್ವನಿಯನ್ನೂ ಹೊಂದಿಸಲು ಕ್ಲ್ಯಾಪ್ ಹಲಗೆ ಬೇಕಿಲ್ಲ, ಎರಡು ಅಂಗೈ ಸಾಕು. ಆದರೆ ಮೈಕಿನ ಹತ್ತಿರ ನಿಂತು ತಟ್ಟಬೇಕು. 25 ಫ್ರೇಮಿನ ಚಿತ್ರದಲ್ಲಿ ಒಂದು ಫ್ರೇಮಿನ ಅವಧಿ 40 ಮಿಲಿಸೆಕೆಂಡು. ಅಷ್ಟರಲ್ಲಿ ಸದ್ದು ಸಾಗುವುದು ಹದಿನಾಲ್ಕು ಮೀಟರಿಗಿಂತ ತುಸು ಕಡಿಮೆ. ತೋಟದ ಆ ತುದಿಯಲ್ಲಿ ಕೊಡೆ ಕಂಕುಳಲ್ಲಿಟ್ಟುಕೊಂಡು ಚಪ್ಪಾಳೆ ತಟ್ಟಿದರೆ ಹೊಂದಾಣಿಕೆ ಎರಡು ಫ್ರೇಮು ಹಿಂದೆ ಬೀಳುತ್ತದೆ, ಇದು ನಡೆದೂ ಇತ್ತು. ಬೆಳಕಿನ ವಿಷಯದಲ್ಲಿ ಒಂದೇ ಮಾತು: ಮಂಜು ಬಂದು ಹೋಗುವಾಗ ಫೋನು ಚಿತ್ರವನ್ನು ಬೆಳಗಿಸಿ ಕಪ್ಪಾಗಿಸಿ ಆಟವಾಡದಂತೆ, ಪರದೆಯ ಮೇಲೆ ಬೆರಳನ್ನು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಬೇಕು.

ಉಪಶೀರ್ಷಿಕೆಯನ್ನು ಯಂತ್ರಕ್ಕೇ ಒಪ್ಪಿಸಿದ್ದರು. ಅದು ಕೊಡವ ತಕ್ಕನ್ನು ಕನ್ನಡವೆಂದು ತಿಳಿದು ಬರೆದದ್ದನ್ನು ಓದಿ ಎಲ್ಲರೂ ನಕ್ಕೆವು. ಕನ್ನಡದಲ್ಲಿ ಇಲ್ಲದ ಸ್ವರಗಳು ಆ ನುಡಿಯಲ್ಲಿವೆ, ಪಾಪ, ಯಂತ್ರ ಏನು ಮಾಡೀತು. ಕೈಯಿಂದ ಬರೆದ ಮೇಲೆ ಇನ್ನೊಂದು ಕಾಟ: ಪರದೆಯ ಮೇಲೆ ಒತ್ತಕ್ಷರಗಳು ಕಳಚಿ ಪಕ್ಕದಲ್ಲಿ ಕುಳಿತಿದ್ದವು. ಪ್ರೀಮಿಯರ್ ಎಂಬ ಸಂಕಲನ ತಂತ್ರಾಂಶದಲ್ಲಿ ಅಕ್ಷರ ಜೋಡಣೆಯ ಆಯ್ಕೆಯನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಬದಲಿಸಿ, ಯೂನಿಕೋಡ್ ಫಾಂಟು ಹಾಕಿದಾಗ ಅವು ಸ್ವಸ್ಥಾನಕ್ಕೆ ಮರಳಿದವು.

ಆಗಸ್ಟಿನಲ್ಲಿ ಅದೇ ಮನೆಗೆ ಮತ್ತೆ ಹೋದೆವು. ಅಜ್ಜಿಯನ್ನು ಒಳಗಿನ ಕೋಣೆಗೆ ಕರೆತಂದು ದೃಶ್ಯವನ್ನು ಮರುಚಿತ್ರೀಕರಿಸಿದ ಮೇಲೆ, ಯಾರೂ ಅಲುಗಾಡದೆ ಕೋಣೆಯ ಮೌನವನ್ನು ಒಂದು ನಿಮಿಷ ಮುದ್ರಿಸಬೇಕು ಎಂದೆ. ಮಾತಿನ ತುಂಡುಗಳನ್ನು ಜೋಡಿಸುವಾಗ ನಡುವಿನ ಬಿರುಕುಗಳನ್ನು ತುಂಬಲು ಅದು ಬೇಕೇಬೇಕು; ಅಲ್ಲಿ ಪೂರ್ಣ ನಿಶ್ಶಬ್ದ ಹಾಕಿದರೆ ಚಿತ್ರ ಕೆಟ್ಟು ನಿಂತಂತೆ ಕೇಳುತ್ತದೆ. ಎಲ್ಲರೂ ಉಸಿರು ಬಿಗಿಹಿಡಿದು ನಿಂತೆವು. ಮೂವತ್ತೆಂಟನೇ ಸೆಕೆಂಡಿಗೆ ಅಜ್ಜಿ, ಕಾಫಿ ಯಾರು ಯಾರಿಗೆ ಬೇಕು ಎಂದು ಕೇಳಿಬಿಟ್ಟರು. ಅದಕ್ಕೆ ಮುಂಚಿನ ಮೂವತ್ತೇಳು ಸೆಕೆಂಡುಗಳನ್ನೇ ಆ ದೃಶ್ಯದ ಉದ್ದಕ್ಕೂ ಹಾಸಿದ್ದೇವೆ.