ನೇಮಕಾತಿಗೆ ಮುನ್ನ ನಿಮ್ಮ ಹೆಸರು ಹುಡುಕುವವರು ಏನನ್ನು ನೋಡುತ್ತಾರೆ

ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದು ಮುಗಿಸಿ ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುವವರು ನನ್ನನ್ನು ಹೆಚ್ಚಾಗಿ ಕೇಳುವುದು ಹಳೆಯ ಫೋಟೊಗಳನ್ನು ಅಳಿಸಬೇಕೇ ಎಂದು. ದುಗ್ಗಮ್ಮನ ಜಾತ್ರೆಯಲ್ಲಿ ಕುಣಿದ ವಿಡಿಯೊ ಕಂಡು ಉದ್ಯೋಗ ನಿರಾಕರಿಸಿದವರನ್ನು ನಾನಂತೂ ಈ ನೇಮಕಾತಿ ವೃತ್ತಿಯಲ್ಲಿ ನೋಡಿಲ್ಲ. ಅಭ್ಯರ್ಥಿಗೆ ಮುಳುವಾಗುವುದು ಬಹುಮಟ್ಟಿಗೆ ಒಂದಕ್ಕೊಂದು ತಾಳೆಯಾಗದ ವಿವರಗಳು.

ಅದರಲ್ಲೂ ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳದ ದಾಖಲೆಯೊಂದಿದೆ: ಭವಿಷ್ಯ ನಿಧಿಯ (ಪಿಎಫ್) 12 ಅಂಕಿಗಳ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಸದಸ್ಯ ಸಂಖ್ಯೆ. ಪಿಎಫ್ ಕಡಿತವಾದ ಪ್ರತಿಯೊಂದು ಕೆಲಸಕ್ಕೂ ಸೇರಿದ ಮತ್ತು ಬಿಟ್ಟ ದಿನಾಂಕ ಅಲ್ಲಿ ದಾಖಲಾಗಿರುತ್ತದೆ. ಹಿನ್ನೆಲೆ ಪರಿಶೀಲನೆ ನಡೆಸುವವರು ಅದನ್ನು ಲಿಂಕ್ಡ್‌ಇನ್ ಪುಟದೊಂದಿಗೆ ಹೋಲಿಸುತ್ತಾರೆ. ಎರಡು ವರ್ಷವೆಂದು ಬರೆದುಕೊಂಡ ಅನುಭವ ಅಲ್ಲಿ ಹದಿನಾಲ್ಕು ತಿಂಗಳಾಗಿ ಕಂಡರೆ, ಅಥವಾ ರೆಸ್ಯೂಮೆಯಲ್ಲಿ ಹೆಸರೇ ಇಲ್ಲದ ಮೂರು ತಿಂಗಳ ಕೆಲಸವೊಂದು ಇಣುಕಿದರೆ, ಪ್ರಶ್ನೆ ಏಳುವುದು ಕೌಶಲದ ಬಗ್ಗೆ ಅಲ್ಲ, ಪ್ರಾಮಾಣಿಕತೆಯ ಬಗ್ಗೆ. ಕೆಲವೊಮ್ಮೆ ತಪ್ಪು ಹಳೆಯ ಸಂಸ್ಥೆಯದೇ ಆಗಿರುತ್ತದೆ, ಅವರು ಬಿಟ್ಟ ದಿನಾಂಕವನ್ನೇ ನಮೂದಿಸಿರುವುದಿಲ್ಲ. ಹಾಗಿದ್ದರೆ ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಸದಸ್ಯರೇ ಪಿಎಫ್ ಪೋರ್ಟಲ್‌ನಲ್ಲಿ ಅದನ್ನು ನಮೂದಿಸಬಹುದು.

ಹೆಸರಿನ ಗೊಂದಲ ನಮ್ಮ ಕಡೆಯವರನ್ನು ವಿಶೇಷವಾಗಿ ಕಾಡುತ್ತದೆ. ಮಧ್ಯ ಕರ್ನಾಟಕದಲ್ಲಿ ತಿಪ್ಪೇಸ್ವಾಮಿ, ಮಂಜುನಾಥ, ಬಸವರಾಜ ಎಂಬ ಹೆಸರಿನವರು ಬೀದಿಗೊಬ್ಬರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಅದೇ ವಿಸ್ತರಿಸಿದ ರೂಪ, ಫೇಸ್‌ಬುಕ್‌ನಲ್ಲಿ ನೆಚ್ಚಿನ ನಟನ ಬಿರುದು. ಇ-ಕೋರ್ಟ್ಸ್ ತಾಣದಲ್ಲಿ ಪಕ್ಷಗಾರರ ಹೆಸರಿನಿಂದಲೇ ಪ್ರಕರಣ ಹುಡುಕಬಹುದಾದ್ದರಿಂದ ಯಾರದೋ ಜಮೀನು ವ್ಯಾಜ್ಯವೋ ಚೆಕ್ ಬೌನ್ಸ್ ಪ್ರಕರಣವೋ ನಿಮ್ಮ ತಲೆಗೆ ಸುತ್ತಿಕೊಳ್ಳುವುದು ಕಷ್ಟವೇನಲ್ಲ. ಅಭ್ಯರ್ಥಿಯನ್ನು ಒಂದು ಮಾತೂ ಕೇಳದೆ ಇಂಥ ಹುಡುಕಾಟವನ್ನೇ ನಂಬುವ ಉದ್ಯೋಗದಾತರದು ಬೇಜವಾಬ್ದಾರಿತನ. ಆದರೂ ಅಂಕಪಟ್ಟಿಯಲ್ಲಿರುವ ಹೆಸರನ್ನೇ, ಅದೇ ಸ್ಪೆಲ್ಲಿಂಗ್‌ನಲ್ಲಿ, ಲಿಂಕ್ಡ್‌ಇನ್‌ಗೂ ಇಮೇಲ್‌ಗೂ ಬಳಸಿದರೆ ಗೊಂದಲಕ್ಕೆ ಆಸ್ಪದ ಕಡಿಮೆ.

ಬರೆದ ಮಾತುಗಳ ವಿಷಯಕ್ಕೆ ಬಂದರೆ, ರಾಜಕೀಯ ಅಭಿಪ್ರಾಯ ಇರುವುದಕ್ಕೂ ಜಾತಿ, ಧರ್ಮ ಅಥವಾ ಹೆಣ್ಣುಮಕ್ಕಳನ್ನು ಹಿಡಿದು ಬೈಯುವುದಕ್ಕೂ ಇರುವ ವ್ಯತ್ಯಾಸ ಅನುಭವಿ ನೇಮಕಾತಿ ಅಧಿಕಾರಿಗೆ ತಿಳಿಯುತ್ತದೆ. ಹತ್ತೊಂಬತ್ತನೆಯ ವಯಸ್ಸಿನ ಒಂದು ಸಿಟ್ಟಿನ ಸಾಲಿಗೆ ನಾನು ಬೆಲೆ ಕೊಡುವುದಿಲ್ಲ. ಅದೇ ಧಾಟಿ ವರ್ಷಗಟ್ಟಲೆ ನಡೆದಿದ್ದರೆ ಕೊಡುತ್ತೇನೆ. ಕನ್ನಡದಲ್ಲಿ ಬರೆದರೆ ಕಂಪನಿಯವರಿಗೆ ಅರ್ಥವಾಗದೆಂಬ ಭರವಸೆಯೂ ಬೇಡ, ಏಕೆಂದರೆ ಯಂತ್ರಾನುವಾದ ಗೆಳೆಯರ ಕಾಲೆಳೆದ ಮಾತನ್ನೂ ಬೆದರಿಕೆಯಂತೆ ಒಪ್ಪಿಸಿಬಿಡಬಲ್ಲದು. ಇದಕ್ಕಿಂತ ಗಂಭೀರವಾದದ್ದು ಹಳೆಯ ಕಚೇರಿಯ ಗುಟ್ಟು ಬಯಲು ಮಾಡುವುದು: ಗ್ರಾಹಕರ ವಿವರ ಕಾಣುವ ಪರದೆಯ ಫೋಟೊ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಏರಿಸಿದ ಕೋಡ್‌ನೊಳಗೆ ಉಳಿದ ಪಾಸ್‌ವರ್ಡ್. ಆ ಫೈಲನ್ನು ತೆಗೆದುಹಾಕಿದರೂ ಹಳೆಯ ಕಮಿಟ್‌ಗಳಲ್ಲಿ, ಅಂದರೆ ದಾಖಲಾದ ಹಿಂದಿನ ಆವೃತ್ತಿಗಳಲ್ಲಿ, ಅದು ಉಳಿದಿರುತ್ತದೆ, ಪಾಸ್‌ವರ್ಡನ್ನೇ ಬದಲಾಯಿಸಬೇಕು.

ಅಳಿಸುವುದರಿಂದ ಪ್ರಯೋಜನವಿದೆ, ಆದರೆ ಮಿತವಾಗಿ. ಮೂಲ ಪುಟ ಹೋದ ಮೇಲೂ ಗೂಗಲ್‌ನಲ್ಲಿ ಹಳೆಯ ತುಣುಕು ಕಾಣುತ್ತಿದ್ದರೆ ಅದನ್ನು ತೆಗೆಸಲು ಗೂಗಲ್‌ನದೇ ವ್ಯವಸ್ಥೆಯಿದೆ. ಇನ್ನೊಬ್ಬರು ತೆಗೆದಿಟ್ಟ ಸ್ಕ್ರೀನ್‌ಶಾಟ್‌ಗೆ ಮದ್ದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತಾಗಿದೆ. ದತ್ತಾಂಶ ತಿದ್ದಿಸುವ, ಅಳಿಸಿಸುವ ಹಕ್ಕನ್ನು ಅದು ಕೊಡುತ್ತದಾದರೂ, ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಅನ್ವಯಿಸುವುದಿಲ್ಲ. ನೀವೇ ಎಲ್ಲರಿಗೂ ತೆರೆದಿಟ್ಟ ಪೋಸ್ಟನ್ನು ಕಂಪನಿ ಓದಿತೆಂದು ಈ ಕಾಯ್ದೆಯ ಮೊರೆ ಹೋಗಲಾಗದು.

ಹಾಗೆಂದು ಕೇಳಿದ್ದನ್ನೆಲ್ಲ ಒಪ್ಪಿಸಬೇಕಿಲ್ಲ. ಪರಿಶೀಲನೆಗೆ ಗುರುತಿನ ಚೀಟಿ, ಅಂಕಪಟ್ಟಿ, ಅನುಭವ ಪತ್ರ, ಯುಎಎನ್ ವಿವರ ಮತ್ತು ನೀವು ಸಹಿ ಮಾಡಿದ ಸಮ್ಮತಿ ಪತ್ರ ಸಾಕು. ಸಾಮಾಜಿಕ ಜಾಲತಾಣದ ಪಾಸ್‌ವರ್ಡ್ ಅಥವಾ ಒಟಿಪಿ ಕೇಳಿದವರಿಗೆ ಯಾವ ಕಾರಣಕ್ಕೂ ಕೊಡಬೇಡಿ, ಮತ್ತು ಸಮ್ಮತಿ ಪತ್ರಕ್ಕೆ ಸಹಿ ಹಾಕುವ ಮೊದಲು ಏನೇನು ಪರಿಶೀಲಿಸುತ್ತಾರೆಂದು ಓದಿ, ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.