ಡಿ-28 ಮತ್ತು ಜೆ-45: ನಾದದ ವ್ಯತ್ಯಾಸ ಹುಟ್ಟುವುದೆಲ್ಲಿ?

ಈಚೆಗೆ ವಾದಕರೊಬ್ಬರು ಒಂದು ಸಂದೇಹವನ್ನು ಬಗೆಹರಿಸಿಕೊಳ್ಳಲೆಂದು ಎರಡು ಗಿಟಾರ್‌ಗಳನ್ನು ನನ್ನ ಬಳಿ ತಂದಿದ್ದರು. ಒಂದು ಮಾರ್ಟಿನ್ ಡಿ-28, ಇನ್ನೊಂದು ಗಿಬ್ಸನ್ ಜೆ-45. ಜೆ-45ರ ದನಿ ಕಂಬಳಿ ಹೊದ್ದಂತೆ ಮಂಕಾಗಿದೆಯೆಂದೂ ಅದರ ಮಹೋಗನಿ ಮರವೇ ಇದಕ್ಕೆ ಕಾರಣವಿರಬೇಕೆಂದೂ ಅವರಿಗೆ ಅನ್ನಿಸಿತ್ತು. ನಾನು ಆ ಗಿಟಾರ್ ಕೈಗೆತ್ತಿಕೊಂಡು ಮೂರನೆಯ ತಂತಿಯ ತಳಭಾಗಕ್ಕೆ ಉಗುರು ಸವರಿದೆ. ಒಂದೊಂದು ಫ್ರೆಟ್, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ, ಬರುವಲ್ಲಿಯೂ ಸುತ್ತುತಂತಿ ಸವೆದು ತಗ್ಗು ಬಿದ್ದಿರುವುದು ಉಗುರಿಗೆ ತಾಗಿತು. ಡಿ-28ಕ್ಕಾದರೋ ಹಿಂದಿನ ವಾರವಷ್ಟೇ ಹೊಸ ತಂತಿ ಹಾಕಿದ್ದರಂತೆ. ಎರಡಕ್ಕೂ ಇಂಚಿನ ಸಾವಿರದಲ್ಲಿ 12 ಭಾಗದಿಂದ 53 ಭಾಗದವರೆಗಿನ ದಪ್ಪದ, ಒಂದೇ ತಯಾರಿಕೆಯ ಫಾಸ್ಫರ್ ಬ್ರಾಂಜ್ ತಂತಿಗಳನ್ನು ಹಾಕಿ, 12ನೆಯ ಫ್ರೆಟ್‌ನ ಮೇಲೆ ಆರನೆಯ, ಅಂದರೆ ಅತಿ ದಪ್ಪನೆಯ, ತಂತಿಯ ಎತ್ತರವನ್ನು 2.4 ಮಿಲಿಮೀಟರಿಗೂ ಮೊದಲನೆಯದನ್ನು 1.8 ಮಿಲಿಮೀಟರಿಗೂ ಹೊಂದಿಸಿದ ಮೇಲೆ ಆ ಮಂಕು ಹೋಯಿತು. ಆದರೂ ಎರಡರ ನಾದ ಒಂದೇ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ತಂತಿಯೂ ಆಕ್ಷನ್ ಎನ್ನುವ ಈ ಎತ್ತರವೂ ಸಮವಾದ ಮೇಲೆ ಉಳಿಯುವ ವ್ಯತ್ಯಾಸವೇ ವಾದ್ಯದ ನಿಜವಾದ ಗುಣ.

ಎರಡರ ಮೇಲ್ಹಲಗೆಯೂ ಸಿಟ್ಕಾ ಸ್ಪ್ರೂಸ್ ಮರದ್ದು, ಎರಡರ ಒಡಲೂ ದೊಡ್ಡದು. ಡ್ರೆಡ್‌ನಾಟ್ ಎಂಬ ಈ ಅಗಲವಾದ ಆಕಾರವನ್ನು ಮಾರ್ಟಿನ್ ಕಂಪನಿ 1916ರಲ್ಲಿ ಡಿಟ್ಸನ್ ಎಂಬ ಮಾರಾಟ ಸಂಸ್ಥೆಗಾಗಿ ಮೊದಲು ಮಾಡಿ, 1931ರಿಂದ ತನ್ನದೇ ಹೆಸರಿನಲ್ಲಿ ಹೊರತಂದಿತು. ಜೆ-45 ಬಂದದ್ದು 1942ರಲ್ಲಿ. ಡಿ-28ರ ಹೆಗಲು ಚೌಕವಾಗಿದ್ದರೆ ಜೆ-45ರ ಹೆಗಲು ದುಂಡಗೆ ಇಳಿಜಾರಾಗಿದೆ. ಕಣ್ಣಿಗೆ ಮೊದಲು ಬೀಳುವ ಈ ಹೆಗಲಿಗಿಂತ, ಕಣ್ಣಿಗೆ ಬೀಳದ ಎರಡು ಸಂಗತಿಗಳು ನಾದದ ಮಟ್ಟಿಗೆ ಬಹಳ ಹೆಚ್ಚಿನವು ಎಂಬುದು ನನ್ನ ಅನುಭವ.

ಮೊದಲನೆಯದು ಸ್ಕೇಲ್, ಅಂದರೆ ಕತ್ತಿನ ತುದಿಯ ನಟ್ ಎಂಬ ಆಧಾರದಿಂದ ಒಡಲ ಮೇಲಿನ ಸ್ಯಾಡಲ್ ಎಂಬ ಆಧಾರದವರೆಗೆ ತಂತಿಯು ಮಿಡಿಯುವ ಉದ್ದ. ಡಿ-28ರಲ್ಲಿ ಇದು 25.4 ಇಂಚು, ಜೆ-45ರಲ್ಲಿ 24.75 ಇಂಚು. ಮುಕ್ಕಾಲು ಇಂಚೂ ಇಲ್ಲದ ಈ ಅಂತರವನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ತರಬೇಕಾದರೆ ಬೇಕಾಗುವ ಎಳೆತವು ಉದ್ದದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಡಿ-28ರ ತಂತಿಗಳು ಸುಮಾರು ಶೇಕಡಾ 5ರಷ್ಟು ಹೆಚ್ಚು ಬಿಗಿಯಾಗಿರುತ್ತವೆ. ಮೇಲೆ ಹೇಳಿದ ದಪ್ಪದ ಆರು ತಂತಿಗಳ ಒಟ್ಟು ಎಳೆತ 70 ಕಿಲೋಗ್ರಾಂಗೂ ಮಿಗಿಲಾಗಿರುವಾಗ, ಈ ಶೇಕಡಾ 5 ಎಂದರೆ ಮೂರೂವರೆ ಕಿಲೋಗ್ರಾಂಗಿಂತ ಹೆಚ್ಚಾಯಿತು. ಬೆರಳಿಗೆ ಇದು ಕೂಡಲೇ ತಿಳಿಯುತ್ತದೆ: ಜೆ-45ರಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಏರಿಸುವುದು ಸಲೀಸು, ಡಿ-28ರಲ್ಲಿ ಅದೇ ಕೆಲಸಕ್ಕೆ ಸ್ವಲ್ಪ ಹೆಚ್ಚು ಬಲ ಹಾಕಬೇಕು. ಕಿವಿಗೂ ತಿಳಿಯುತ್ತದೆ. ಬಿಗಿಯಾದ ತಂತಿಯಲ್ಲಿ ಪಿಕ್ ತಾಗಿದ ಕ್ಷಣ ಹರಿತವಾಗಿ ಕೇಳುತ್ತದೆ, ಜೋರಾಗಿ ಬಾರಿಸಿದರೂ ಸ್ವರಗಳು ಒಂದರೊಳಗೊಂದು ಕಲಸಿಹೋಗುವುದಿಲ್ಲ. ಸಡಿಲವಾದ ತಂತಿಯ ಸ್ವರದ ಅಂಚು ದುಂಡಗಿರುತ್ತದೆ.

ಎರಡನೆಯದು ಮೇಲ್ಹಲಗೆಯ ಅಡಿಯ ಬ್ರೇಸಿಂಗ್, ಅಂದರೆ ಆಸರೆಗೆಂದು ಅಂಟಿಸಿದ ಮರದ ಪಟ್ಟಿಗಳ ಕಟ್ಟು. ಮೇಲ್ಹಲಗೆಯ ದಪ್ಪ 3 ಮಿಲಿಮೀಟರಿನ ಆಸುಪಾಸು. ತಂತಿಗಳು ತಮ್ಮನ್ನು ಮೇಲ್ಹಲಗೆಗೆ ಹಿಡಿದಿಡುವ ಬ್ರಿಡ್ಜನ್ನು ಸದಾ ಮುಂದಕ್ಕೆ ಮಗುಚಲು ಎಳೆಯುತ್ತಿರುತ್ತವೆ. ಆಸರೆಯಿಲ್ಲದ ಹಲಗೆ ಈ ಹೊರೆಗೆ ಬಲುಬೇಗ ಮಣಿದುಹೋದೀತು. ಹಾಗೆಂದು ಆಸರೆ ಅತಿಯಾದರೆ ಹಲಗೆ ಮಿಡಿಯುವುದೇ ಇಲ್ಲ. ಗಿಟಾರ್ ಕಟ್ಟುವವನ ಕಸುಬೆಲ್ಲ ಈ ಎರಡರ ನಡುವಿನ ಇಕ್ಕಟ್ಟಿನಲ್ಲಿದೆ ಎಂದರೂ ಸಲ್ಲುತ್ತದೆ. ಎಕ್ಸ್ ಅಕ್ಷರದಂತೆ ಒಂದನ್ನೊಂದು ದಾಟುವ ಎರಡು ಮುಖ್ಯ ಪಟ್ಟಿಗಳ ಕ್ರಮ 1840ರ ದಶಕದಲ್ಲಿ ಕರುಳಿನ ತಂತಿಗಳ ಕಾಲದಲ್ಲೇ ರೂಪುಗೊಂಡಿತ್ತು; ಮುಂದೆ ಉಕ್ಕಿನ ತಂತಿಗಳು ಬಂದಾಗ ಅವುಗಳ ಎಳೆತವನ್ನು ತಾಳಿಕೊಂಡದ್ದೂ ಅದೇ. ಆ ಪಟ್ಟಿಗಳನ್ನು ಅಲ್ಲಲ್ಲಿ ಬಿಲ್ಲಿನಂತೆ ಕೆತ್ತಿ ಹಗುರಗೊಳಿಸುವುದಕ್ಕೆ ಸ್ಕ್ಯಾಲಪ್ ಮಾಡುವುದು ಎನ್ನುತ್ತಾರೆ. ಮಾರ್ಟಿನ್ 1944ರಲ್ಲಿ ಈ ಕೆತ್ತನೆಯನ್ನು ಕೈಬಿಟ್ಟಿತು, 1976ರಲ್ಲಿ ಎಚ್‌ಡಿ-28 ಎಂಬ ಮಾದರಿಯಲ್ಲಿ ಮರಳಿ ತಂದಿತು. 2017ರಲ್ಲಿ ಪರಿಷ್ಕರಿಸಿದ ಡಿ-28ರಲ್ಲಿ ಪಟ್ಟಿಗಳು ಕೆತ್ತನೆಯಿಲ್ಲದೆ ನೇರವಾಗಿವೆ, ಆದರೆ ಅವು ಕೂಡುವ ಜಾಗವನ್ನು ಸೌಂಡ್‌ಹೋಲ್‌ನ, ಅಂದರೆ ಮೇಲ್ಹಲಗೆಯ ದುಂಡು ತೂತಿನ, ಕಡೆಗೆ ಸರಿಸಿದ್ದಾರೆ. ಇದರಿಂದ ಬ್ರಿಡ್ಜ್‌ನ ಸುತ್ತಲಿನ ಹಲಗೆಗೆ ಹೆಚ್ಚು ಬಿಡುವು ಸಿಕ್ಕಿ ಮಂದ್ರ ಸ್ವರಗಳು ತುಂಬಿ ಬರುತ್ತವೆ. ಈಗಿನ ಜೆ-45ರ ಪಟ್ಟಿಗಳು ಕೆತ್ತಿದವು. ಸೌಂಡ್‌ಹೋಲ್‌ನೊಳಗೆ ಪುಟ್ಟ ಕನ್ನಡಿಯನ್ನೂ ದೀಪವನ್ನೂ ಇಳಿಸಿದರೆ ಇದೆಲ್ಲ ಕಣ್ಣಾರೆ ಕಾಣುತ್ತದೆ. ಕೊಳ್ಳುವ ಮೊದಲು ಪ್ರತಿಯೊಬ್ಬರೂ ಒಮ್ಮೆ ಹೀಗೆ ನೋಡಬೇಕು. ಅಂಟು ಬಿಟ್ಟ ಪಟ್ಟಿಯೇನಾದರೂ ಇದ್ದರೆ ಅದೂ ಆಗಲೇ ಸಿಕ್ಕಿಬೀಳುತ್ತದೆ.

ಇನ್ನು ಮರದ ಮಾತು. ಡಿ-28ರ ಬೆನ್ನು ಮತ್ತು ಪಕ್ಕೆ ರೋಸ್‌ವುಡ್‌ನವು. 1969ರವರೆಗೆ ಬ್ರೆಜಿಲ್‌ನ ಮರ ಬಳಕೆಯಲ್ಲಿತ್ತು, ಆಮೇಲೆ ಭಾರತದ ಬೀಟೆ ಬಂತು. ಜೆ-45ರದು ಮಹೋಗನಿ. ಬೀಟೆ ಹೆಚ್ಚು ಭಾರದ, ಸಾಂದ್ರವಾದ ಮರ. ಅದರ ಒಣಹಲಗೆಯನ್ನು ಎರಡು ಬೆರಳಲ್ಲಿ ತೂಗಿಹಿಡಿದು ತಟ್ಟಿದರೆ ಗಂಟೆಯಂತೆ ಗುಂಯ್‌ಗುಡುತ್ತದೆ. ಮಹೋಗನಿಯ ಸದ್ದು ಗಿಡ್ಡದಾಗಿ ಒಣಗಿದಂತೆ ಕೇಳುತ್ತದೆ. ಇದನ್ನು ಕೇಳಿದವರು ಇಡೀ ಗಿಟಾರ್‌ನ ಗುಣವನ್ನು ಬೆನ್ನಿನ ಮರಕ್ಕೇ ಕಟ್ಟಿಬಿಡುವುದು ಸಹಜ, ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಆದರೆ 2018ರಲ್ಲಿ ಪ್ರಕಟವಾದ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಬೆನ್ನು ಮತ್ತು ಪಕ್ಕೆಯ ಮರವನ್ನಷ್ಟೇ ಬದಲಿಸಿ ಉಳಿದುದೆಲ್ಲವನ್ನೂ ಒಂದೇ ಬಗೆಯಲ್ಲಿ ಕಟ್ಟಿದ 6 ಗಿಟಾರ್‌ಗಳನ್ನು 52 ವಾದಕರು ಮರ ಕಾಣದಂತೆ ನುಡಿಸಿ ನೋಡಿದಾಗ, ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಬೆನ್ನಿನ ಮರಕ್ಕೆ ಪಾಲೇ ಇಲ್ಲವೆಂದು ನಾನು ಹೇಳಲಾರೆ. ಅದರ ಪಾಲು ಸ್ಕೇಲ್, ಮೇಲ್ಹಲಗೆ, ಬ್ರೇಸಿಂಗ್‌ಗಳ ಪಾಲಿಗಿಂತ ಚಿಕ್ಕದು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಒಡಲೊಳಗಿನ ಗಾಳಿಯೂ ಸ್ವರಕ್ಕೆ ದನಿಗೂಡಿಸುತ್ತದೆ. ತಂತಿಗಳ ಮೇಲೆ ಅಂಗೈಯಿಟ್ಟು ಮೌನಗೊಳಿಸಿ, ಸೌಂಡ್‌ಹೋಲ್‌ಗೆ ಬಾಯಿ ಹತ್ತಿರ ತಂದು ತಗ್ಗುದನಿಯಲ್ಲಿ 'ಹೂಂ' ಎನ್ನುತ್ತ ಶ್ರುತಿಯನ್ನು ಮೆಲ್ಲನೆ ಏರಿಸಿ. ಒಂದು ಹಂತದಲ್ಲಿ ಇಡೀ ಪೆಟ್ಟಿಗೆ ಝುಮ್ಮೆಂದು ಅದುರುವುದು ಕೈಗೆ ಗೊತ್ತಾಗುತ್ತದೆ. ಈ ಗಾತ್ರದ ಗಿಟಾರ್‌ಗಳಲ್ಲಿ ಅದು ಸಾಮಾನ್ಯವಾಗಿ 100 ಹರ್ಟ್ಜ್‌ನ ಆಸುಪಾಸು, ಎಂದರೆ ಆರನೆಯ ತಂತಿಯ ಮೂರನೆಯ ಫ್ರೆಟ್‌ನ ಸುತ್ತಮುತ್ತ ಬರುತ್ತದೆ. ಎರಡು ಗಿಟಾರ್‌ಗಳಲ್ಲಿ ಈ ಹಂತ ಅರ್ಧ ಸ್ವರ ಆಚೀಚೆಯಾದರೂ ಮಂದ್ರದ ತುಂಬುತನ ಬೇರೆಯಾಗಿ ಕೇಳುತ್ತದೆ.

ಇಷ್ಟನ್ನೂ ತೋರಿಸಿದ ಮೇಲೆ ಆ ವಾದಕರನ್ನು ಎರಡು ಮೀಟರ್ ದೂರದಲ್ಲಿ ಬೆನ್ನು ತಿರುಗಿಸಿ ಕೂರಿಸಿ, ಒಂದೇ ಹಾಡಿನ ಕಾರ್ಡ್‌ಗಳನ್ನು ಎರಡರಲ್ಲೂ ನಾನೇ ನುಡಿಸಿದೆ. ನುಡಿಸುವವನ ಕಿವಿ ಸೌಂಡ್‌ಹೋಲ್‌ನ ಹಿಂದಿರುವುದರಿಂದ ಎದುರಿಗೆ ಕುಳಿತವನಿಗೆ ಕೇಳುವ ನಾದವೇ ಬೇರೆ. ಡಿ-28ರ ಮಂದ್ರ ಕೊಠಡಿಯನ್ನು ತುಂಬಿತು, ಅದರ ಉಪಸ್ವರಗಳು ಕಾರ್ಡ್ ಬದಲಾದ ಮೇಲೂ ಉಳಿದಿದ್ದವು. ಜೆ-45ರಲ್ಲಿ ಒಂದೊಂದು ಹೊಡೆತವೂ ಗಟ್ಟಿಯಾಗಿ ಬಂದು ಚುರುಕಾಗಿ ಸರಿದು, ಮುಂದಿನ ಹೊಡೆತಕ್ಕೆ ಎಡೆಮಾಡಿಕೊಡುತ್ತಿತ್ತು. ಅವರು ಎರಡನ್ನೂ ಗುರುತಿಸಿದರು. ಬಳಿಕ ಜೆ-45 ನುಡಿಯುವಾಗ ತಮಗರಿವಿಲ್ಲದೆಯೇ ಮೆಲ್ಲಗೆ ಹಾಡತೊಡಗಿದರು.